ಅರ್ಧ ಮುಳುಗಿದ ಊರು, ಪೂರ್ತಿ ಹೊರಡದ ಜನ: ಬಾಗಲಕೋಟೆಯ ಪ್ರಕರಣ

ಬಾಗಲಕೋಟೆಗೆ ಪತ್ರಿಕೆಗಳು ಕೊಟ್ಟ ಇನ್ನೊಂದು ಹೆಸರು ‘ಮುಳುಗಡೆ ನಗರಿ’. ಈ ಹೆಸರು ಕೇಳಿ ಬಂದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಯಾಕೆಂದರೆ ಹಳೇ ಪೇಟೆ ಇನ್ನೂ ಇದೆ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಕಿರಾಣಿ ಎಲ್ಲ ಬೆಳಗ್ಗೆ ತೆರೆಯುತ್ತವೆ. ಮುಳುಗಿದ್ದು ಊರಿನ ಒಂದು ಭಾಗ. ಇನ್ನೊಂದು ಭಾಗ ಎತ್ತರದ ಜಾಗಕ್ಕೆ ಹೋಗಿ ನವನಗರವಾಯಿತು. ಉಳಿದ ಭಾಗ ಇದ್ದಲ್ಲೇ ಇದೆ, ಇಂದು ಹೋಗುತ್ತದೋ ನಾಳೆ ಹೋಗುತ್ತದೋ ಎಂಬ ಸ್ಥಿತಿಯಲ್ಲಿ.

ಊರು ಬದಲಾಗುವುದು ಎಲ್ಲ ಕಡೆ ಇದ್ದದ್ದೇ. ಆದರೆ ಬೇರೆ ಊರುಗಳಲ್ಲಿ ಅದು ಎಷ್ಟು ನಿಧಾನವಾಗಿ ಆಗುತ್ತದೆ ಅಂದರೆ, ಯಾವುದು ಹೋದದ್ದರಿಂದ ನಮ್ಮೂರು ನಮ್ಮೂರು ಅನಿಸುವುದು ನಿಂತಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಬಾಗಲಕೋಟೆಯಲ್ಲಿ ಬಿಡಿಸಿ ನೋಡಬಹುದು. ಮನೆ ಒಂದು ಸಲ ಹೋಯಿತು. ಓಣಿ ಇನ್ನೊಂದು ಸಲ ಹೋಯಿತು. ಪೇಟೆ ಹೋಗಲಿಲ್ಲ. ಹಬ್ಬವೂ ಹೋಗಲಿಲ್ಲ. ಹಾಗಾಗಿ ಈ ಒಂದು ಊರನ್ನೇ ಹಿಡಿದು ನೋಡುತ್ತಿದ್ದೇನೆ.

ನೀರು ಬಂದ ಕಥೆ

ಬಾಗಲಕೋಟೆ ಇರುವುದು ಘಟಪ್ರಭಾ ನದಿಯ ದಂಡೆಯಲ್ಲಿ. ಘಟಪ್ರಭಾ ಮುಂದೆ ಚಿಕ್ಕಸಂಗಮದ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಆಲಮಟ್ಟಿ ಆಣೆಕಟ್ಟು. ಬಾಗಲಕೋಟೆಗೆ ಬಂದದ್ದು ಅದರ ಹಿನ್ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಆಣೆಕಟ್ಟಿನ ಜಲಾಶಯಕ್ಕೆ ಅವರದೇ ಹೆಸರು. ಕಾಮಗಾರಿ ದಶಕಗಳ ಕಾಲ ಎಳೆಯಿತು. 2006ರ ಆಗಸ್ಟ್‌ನಲ್ಲಿ ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಅಂದರೆ ಮೊದಲ ಕಲ್ಲಿಗೂ ಉದ್ಘಾಟನೆಗೂ ನಡುವೆ 42 ವರ್ಷ. ಶಂಕುಸ್ಥಾಪನೆಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮಕ್ಕಳ ಮದುವೆಯ ಯೋಚನೆ ಮಾಡುವ ವಯಸ್ಸಿಗೆ ಬಂದಿತ್ತು.

ಈ ನೀರಿನಿಂದ ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ ಭಾಗದ ಒಣ ಭೂಮಿಗೆ ಕಾಲುವೆ ಹರಿಯಿತು. ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಘಟಕ ಬಂತು. ಇದು ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಬರದಲ್ಲಿ ಬೆಂದ ಸೀಮೆಗೆ ನೀರು ಹೋಗಿದ್ದನ್ನು ಬಾಗಲಕೋಟೆಯವರು ಯಾರೂ ತಪ್ಪು ಅನ್ನುವುದಿಲ್ಲ. ಅವರ ದುಃಖ ಬೇರೆ ರೀತಿಯದು.

ಆಣೆಕಟ್ಟಿನ ಎತ್ತರ ಎಷ್ಟಿರಬೇಕು ಎಂಬುದು ಮೂರು ರಾಜ್ಯಗಳ ಜಗಳವಾಯಿತು. 2000ದಲ್ಲಿ ಸುಪ್ರೀಂ ಕೋರ್ಟ್ ಸಮುದ್ರ ಮಟ್ಟದಿಂದ 519.6 ಮೀಟರ್‌ವರೆಗೆ ಮಾತ್ರ ನೀರು ನಿಲ್ಲಿಸಲು ಒಪ್ಪಿತು. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ಗೆ ಸಮ್ಮತಿಸಿತು. ಆದರೆ ಆ ತೀರ್ಪು ಮತ್ತೆ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಐದು ಮೀಟರೂ ಇಲ್ಲ. ಬಾಗಲಕೋಟೆಯ ಎಷ್ಟೋ ಮನೆಗಳು ಇರುವುದು ಈ ಐದು ಮೀಟರಿನ ಒಳಗೇ.

ಕಾಯುವ ವರ್ಷಗಳು

ನನ್ನ ಪ್ರಕಾರ ಈ ಪ್ರಕರಣದ ಮುಖ್ಯ ಭಾಗ ಇದೇ. ಮುಳುಗಡೆ ಬಗ್ಗೆ ಮಾತಾಡುವವರು ನೀರು ಬಂದ ದಿನದ ಬಗ್ಗೆ ಮಾತಾಡುತ್ತಾರೆ. ಊರಿನ ಮೇಲಿನ ಮಮತೆಗೆ ಪೆಟ್ಟು ಬಿದ್ದದ್ದು ಆ ದಿನ ಅಲ್ಲ. ಅದಕ್ಕಿಂತ ಎಷ್ಟೋ ಮೊದಲು, ಸರ್ವೆಯವರು ಬಂದು ಗೋಡೆ ಅಳೆದು ಹೋದ ದಿನದಿಂದ.

ಹಳೇ ಬಾಗಲಕೋಟೆಯ ಮನೆ ಅಂದರೆ ಬಹುತೇಕ ಮಣ್ಣಿನ ಮಾಳಿಗೆ ಮನೆ. ದಪ್ಪ ಗೋಡೆ, ಸಾಗವಾನಿ ತೊಲೆ, ಮೇಲೆ ಜಂತಿ, ಅದರ ಮೇಲೆ ಮಣ್ಣು. ಬೆಳಕಿಗೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಹೊರಗೆ ಉರಿ ಬಿಸಿಲಿದ್ದರೂ ಒಳಗೆ ತಂಪು. ಆದರೆ ಇಂಥ ಮನೆಗೆ ವರ್ಷ ವರ್ಷ ಕೈ ಹಾಕಬೇಕು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹಾಕಿ ತುಳಿಯಬೇಕು. ಹುಲ್ಲು ಕೀಳಬೇಕು. ಮಾಳಿಗೆಯ ನೀರು ಹೊರಹೋಗುವ ದೋಣಿಯಲ್ಲಿ ನೀರು ಸರಿಯಾಗಿ ಇಳಿಯುತ್ತದಾ ಅಂತ ನೋಡಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಮೂರು ವರ್ಷ ಬಿಟ್ಟರೆ ತೊಲೆ ಕೊಳೆಯುತ್ತದೆ.

ಮುಳುಗುವ ಮನೆಗೆ ಮಣ್ಣು ಯಾಕೆ ಹಾಕಬೇಕು? ಈ ಪ್ರಶ್ನೆ ಒಂದೊಂದೇ ಮನೆಯ ಒಳಗೆ ಬಂತು. ಮೊದಲು ಮಾಳಿಗೆ ಕೆಲಸ ನಿಂತಿತು. ಆಮೇಲೆ ಸುಣ್ಣ ಬಳಿಯುವುದು ನಿಂತಿತು. ಮಗನ ಮದುವೆಗೆ ಒಂದು ಕೋಣೆ ಕಟ್ಟೋಣ ಅಂದವರು ಸುಮ್ಮನಾದರು. ಇಡೀ ಓಣಿಯೇ ಹೀಗೆ ಯೋಚಿಸಿದರೆ ಗಟಾರ, ರಸ್ತೆ, ಬಾವಿ ಯಾರಿಗೂ ಬೇಡವಾಗುತ್ತವೆ. ಖರ್ಚು ಮಾಡುವವರ ದೃಷ್ಟಿಯಲ್ಲಿ ಅದು ವ್ಯರ್ಥ ಖರ್ಚು. ಹಾಗೆ ನೋಡಿದರೆ ಅವರ ಲೆಕ್ಕ ತಪ್ಪಲ್ಲ. ಆದರೆ ನಲವತ್ತು ವರ್ಷ ಅದೇ ಲೆಕ್ಕದಲ್ಲಿ ಒಂದು ಊರು ಬದುಕಿದರೆ, ಅಲ್ಲಿ ಬೆಳೆದ ಮಕ್ಕಳು ನೋಡುವುದು ಯಾರೂ ಮುಟ್ಟದ, ದಿನದಿನಕ್ಕೆ ಕುಸಿಯುವ ಊರನ್ನು. ಅವರ ಅಜ್ಜಂದಿರು ನೋಡಿದ್ದ ಊರು ಅದಲ್ಲ.

ಇಲ್ಲಿ ತಲೆಮಾರುಗಳು ಬೇರೆ ಬೇರೆಯಾದವು. 1950ರ ದಶಕದಲ್ಲಿ ಹುಟ್ಟಿದವರಿಗೆ ಹಳೇ ಊರು ಅಂದರೆ ತುಂಬಿದ ಊರು. 1980ರ ದಶಕದಲ್ಲಿ ಹುಟ್ಟಿದವರಿಗೆ ಅದು ‘ಹೋಗಲಿಕ್ಕಿರುವ’ ಊರು. ಇಬ್ಬರೂ ಅದೇ ಗಲ್ಲಿಯಲ್ಲಿ ಓಡಾಡಿದವರು. ಅಪ್ಪ ಮಗ ಇಬ್ಬರೂ ‘ನಮ್ಮೂರು’ ಅಂದರೂ ಅವರ ಕಣ್ಣ ಮುಂದೆ ಬರುವ ಚಿತ್ರ ಒಂದೇ ಅಲ್ಲ. ನೀರು ಆಗ ಇನ್ನೂ ದೂರದಲ್ಲೇ ಇತ್ತು.

ನವನಗರ

ಊರನ್ನು ಎತ್ತರದ ಜಾಗಕ್ಕೆ ಸಾಗಿಸಲೆಂದೇ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯನ್ನು ಕರೆಸಿದ್ದರು. ಹಳೇ ಊರಿಂದ ಕೆಲವೇ ಕಿಲೋಮೀಟರ್ ದೂರ. ನಡುವೆ ಕಾಲೇಜುಗಳ ವಿದ್ಯಾಗಿರಿ. ಹೀಗೆ ಬಾಗಲಕೋಟೆ ಈಗ ಮೂರು ತುಂಡಿನ ಊರು: ಕೆಳಗೆ ಹಳೇ ಊರು, ಮಧ್ಯೆ ವಿದ್ಯಾಗಿರಿ, ಮೇಲೆ ನವನಗರ.

ನವನಗರದಲ್ಲಿ ಸೆಕ್ಟರ್‌ಗಳಿವೆ, ಸೆಕ್ಟರ್‌ಗೆ ನಂಬರ್ ಇದೆ. ರಸ್ತೆ ಅಗಲ. ಗಿಡಮರ ಚೆನ್ನಾಗಿ ಬಂದಿವೆ. ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆ. 1997ರಲ್ಲಿ ಬಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಗಳೂ ಇಲ್ಲಿಗೇ ಬಂದವು. ಬೇರೆ ಊರಿನ ನೌಕರರು ಬಂದು ಮನೆ ಮಾಡಿದರು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಉತ್ತರ ಕರ್ನಾಟಕದ ಎಷ್ಟೋ ಊರುಗಳಿಗೆ ಹೋಲಿಸಿದರೆ ನವನಗರ ಅಚ್ಚುಕಟ್ಟಾದ ಊರು. ಇದನ್ನು ಮನಸಾರೆ ಒಪ್ಪಬೇಕು.

ನನಗೆ ಹತ್ತಿರದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಅವರ ಹಳೇ ಮನೆಯ ಮುಂಬಾಗಿಲಿಗೆ ಅಗಲವಾದ ಸಾಗವಾನಿ ಚೌಕಟ್ಟು ಇತ್ತು. ಮೇಲಿನ ಪಟ್ಟಿಯಲ್ಲಿ ಹೂಬಳ್ಳಿಯ ಕೆತ್ತನೆ, ಮಧ್ಯೆ ಗಣಪತಿ. ಬಾಗಿಲಿನ ಎರಡೂ ಬದಿಗೆ ಕಲ್ಲಿನ ಕಟ್ಟೆ. ಮನೆ ಬಿಡುವಾಗ ಗಂಡುಮಕ್ಕಳು ಸಾಮಾನು ಲಾರಿಗೆ ಹೇರುತ್ತಿದ್ದರೆ, ಮನೆಯ ಹಿರಿಯ ಹೆಣ್ಣುಮಗಳು ಒಂದೇ ಮಾತು ಹೇಳಿದರು: “ತಮ್ಮಾ, ಎಲ್ಲಾ ಬಿಟ್ರೂ ಚಿಂತಿಲ್ಲ, ಚೌಕಟ್ಟು ಬಿಟ್ಟು ಬರಬ್ಯಾಡ್ರಿ.” ಬಡಿಗ್ಯಾರನ್ನು ಕರೆಸಿ ಗೋಡೆ ಒಡೆದು ಅದನ್ನು ಬಿಚ್ಚಿಸಿದರು. ತೊಲೆಗಳಲ್ಲಿ ಗಟ್ಟಿ ಇದ್ದವನ್ನು ಇಟ್ಟುಕೊಂಡು ಉಳಿದವನ್ನು ಮಾರಿದರು.

ನವನಗರದ ಸೈಟಿನಲ್ಲಿ ಸಿಮೆಂಟಿನ ಮನೆ ಎದ್ದಿತು. ಹಳೇ ಚೌಕಟ್ಟು ಅದಕ್ಕೆ ಹೊಂದಲಿಲ್ಲ. ಎತ್ತರ ಕಡಿಮೆ, ಅಗಲ ಜಾಸ್ತಿ. ಮೇಸ್ತ್ರಿ ಬೇಡ ಅಂದರೂ ಬಿಡದೆ, ಎರಡೂ ಬದಿ ಇಟ್ಟಿಗೆ ತೆಗೆಸಿ ಕೂರಿಸಿದರು. ಈಗಲೂ ಆ ಮನೆಗೆ ಹೋದರೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಚೌಕಟ್ಟು ಬಂತು. ಆದರೆ ಕಟ್ಟೆ ಬರಲಿಲ್ಲ. ಬಾಗಿಲ ಮುಂದೆ ಕಾಂಪೌಂಡು, ಗೇಟು, ಗೇಟಿನ ಆಚೆ ಅಗಲವಾದ ರಸ್ತೆ. ಸಂಜೆ ಕೂತು ಮಾತಾಡುವವರೂ ಬರಲಿಲ್ಲ. ಯಾಕೆಂದರೆ ಎಡಮನೆಯವರಿಗೆ ಬೇರೆ ಸೆಕ್ಟರಿನಲ್ಲಿ ಸೈಟು ಸಿಕ್ಕಿತ್ತು, ಎದುರುಮನೆಯವರು ಪರಿಹಾರದ ದುಡ್ಡು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದರು.

ಇದು ಆ ಒಂದು ಮನೆಯ ಕಥೆ ಅಷ್ಟೇ ಅಲ್ಲ. ಪರಿಹಾರ ಅಂದರೆ ಕುಟುಂಬಕ್ಕೆ. ಸೈಟು ಅಂದರೆ ಕುಟುಂಬಕ್ಕೆ. ಅಳತೆಗೆ ತಕ್ಕಂತೆ ಸೈಟುಗಳಲ್ಲಿ ದರ್ಜೆಗಳಿದ್ದವು. ಹಳೇ ಓಣಿಯಲ್ಲಿ ದೊಡ್ಡ ವಾಡೆಯ ಪಕ್ಕದಲ್ಲೇ ಎರಡು ಕೋಣೆಯ ಮನೆ ಇರುತ್ತಿತ್ತು. ಅಳತೆ ನೋಡಿ ಹಂಚಿದಾಗ ದೊಡ್ಡ ಮನೆಯವರು ಒಂದು ಕಡೆ, ಸಣ್ಣ ಮನೆಯವರು ಇನ್ನೊಂದು ಕಡೆ ಆಗುವುದು ಸಹಜ. ಕಾಗದದಲ್ಲಿ ‘ಮನೆ ನಂಬರ್’ ಇತ್ತು, ‘ಓಣಿ’ ಅನ್ನುವ ಕಲಮೇ ಇರಲಿಲ್ಲ. ಗೋಡೆಗೆ ಬೆಲೆ ಕಟ್ಟಿದರು, ತೊಲೆಗೆ ಕಟ್ಟಿದರು, ಬಾವಿಗೆ, ಗಿಡಕ್ಕೂ ಕಟ್ಟಿದರು. ಕಡಿಮೆ ಅನಿಸಿದವರು ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋದರು. ಪಕ್ಕದ ಮನೆಯವರು ಇಲ್ಲದಂತಾದ್ದಕ್ಕೆ ಯಾವ ಕೋರ್ಟಿಗೆ ಹೋಗಬೇಕು?

ಹಳೇ ಓಣಿಯಲ್ಲಿ ಬಾಣಂತಿ ಇದ್ದರೆ ಯಾರ ಮನೆಯಿಂದ ಬಿಸಿನೀರು ಬರುತ್ತದೆ, ಯಾರ ಮನೆಯ ಮುದುಕರನ್ನು ರಾತ್ರಿ ಯಾರು ನೋಡಿಕೊಳ್ಳುತ್ತಾರೆ ಎಂಬುದೆಲ್ಲ ಗೊತ್ತೇ ಇರುತ್ತಿತ್ತು. ಅದಕ್ಕೆ ದುಡ್ಡು ಬೀಳುತ್ತಿರಲಿಲ್ಲ. ಹೊಸ ಜಾಗದಲ್ಲಿ ಅದನ್ನೆಲ್ಲ ಮತ್ತೆ ಮೊದಲಿಂದ ಕಟ್ಟಬೇಕಾಯಿತು. ಹೆಂಗಸರಿಗೆ, ವಯಸ್ಸಾದವರಿಗೆ ಇದು ಜಾಸ್ತಿ ಕಷ್ಟವಾಯಿತು. ಗಾಡಿ ಇರುವ ಗಂಡಸರು ಸಂಜೆಯಾದರೆ ಹಳೇ ಊರಿಗೆ ಹೋಗಿ ಗೆಳೆಯರ ಜೊತೆ ಕೂತು ಬರುತ್ತಿದ್ದರು. ಮನೆಯಲ್ಲಿ ಉಳಿದವರಿಗೆ ಆ ದಾರಿ ಇರಲಿಲ್ಲ.

ನವನಗರದ ಮಕ್ಕಳು

ಇದನ್ನು ಬರೀ ನಷ್ಟದ ಕಥೆಯಾಗಿ ಹೇಳಿದರೆ ಅರ್ಧ ಸತ್ಯವಾಗುತ್ತದೆ. ನವನಗರದಲ್ಲೇ ಹುಟ್ಟಿ ಬೆಳೆದವರು ಈಗ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. ಅವರಿಗೆ ಸೆಕ್ಟರ್ ನಂಬರ್ ಬರೀ ಸಂಖ್ಯೆ ಅಲ್ಲ. ಅಲ್ಲಿ ಅವರು ಸೈಕಲ್ ಕಲಿತ ರಸ್ತೆ ಇದೆ, ಕ್ರಿಕೆಟ್ ಆಡಿದ ಖಾಲಿ ಸೈಟು ಇದೆ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೂತು ಊರು ನೆನಪಾದರೆ ಅವರಿಗೆ ಕಾಣುವುದು ಆ ಅಗಲ ರಸ್ತೆ, ಆ ಬೇವಿನ ಮರ. ಆ ಖಾಲಿ ಸೈಟಿನಲ್ಲಿ ಯಾರೋ ಮನೆ ಕಟ್ಟಿದರೆ ಅವರಿಗೂ ಕಳಕ್ ಅನ್ನುತ್ತದೆ. ಅವರ ಅಜ್ಜಿಗೆ ಕಟ್ಟೆಯ ಬಗ್ಗೆ ಆದ ನೋವಿಗಿಂತ ಇದು ಸಣ್ಣದು ಅಂತ ಹೇಳಲು ನಾವು ಯಾರು?

ಹೊಸ ಊರಿಗೂ ಊರುತನ ಬರುತ್ತದೆ. ಒಂದು ತಲೆಮಾರು ಬೇಕಾಗುತ್ತದೆ ಅಷ್ಟೇ. ಕಷ್ಟವಾದದ್ದು ನಡುವಿನ ತಲೆಮಾರಿಗೆ. ಬಾಲ್ಯ ಕೆಳಗೆ, ಸಂಸಾರ ಮೇಲೆ. ಈ ನಡುವಿನವರೇ ಬೇಸಿಗೆಯಲ್ಲಿ ಹಿನ್ನೀರಿನ ಅಂಚಿಗೆ ಹೋಗಿ ನಿಲ್ಲುವವರು. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಗೆ ಹಿಂದೆ ಸರಿಯುತ್ತದೆ. ಕಪ್ಪು ಎರೆಮಣ್ಣು ಬಿರುಕು ಬಿಟ್ಟು ಮೇಲೆ ಬರುತ್ತದೆ. ಎಲ್ಲೋ ಒಂದು ಅಡಿಪಾಯದ ಸಾಲು, ಒಂದು ಮೆಟ್ಟಿಲು ಕಾಣುತ್ತದೆ. ನೀರು ಇಳಿದ ಜಮೀನಿನಲ್ಲಿ ರೈತರು ಬಿತ್ತುತ್ತಾರೆ. ಚಳಿಗಾಲ, ಬೇಸಿಗೆಯಲ್ಲಿ ಇದೇ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಅವನ್ನು ನೋಡಲು ದೂರದೂರಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅವರಿಗೆ ಅದು ಸುಂದರವಾದ ಕೆರೆಯಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತ ಊರಿನವರು ಅದೇ ನೀರನ್ನು ನೋಡಿ ‘ಇಲ್ಲಿ ನಮ್ಮ ಹೊಲ ಇತ್ತು’ ಅನ್ನುತ್ತಾರೆ. ಇಬ್ಬರೂ ಕಂಡದ್ದು ನಿಜವೇ.

ಉಳಿದದ್ದು ಯಾಕೆ ಉಳಿಯಿತು

ಹಳೇ ಊರು ಯಾಕೆ ಖಾಲಿಯಾಗಲಿಲ್ಲ? ಒಂದು ಕಾರಣ ಸರಳ: ನೀರಿನ ಮಟ್ಟ 519.6ಕ್ಕೆ ನಿಂತದ್ದರಿಂದ ಪೇಟೆಯ ದೊಡ್ಡ ಭಾಗಕ್ಕೆ ನೀರು ಬರಲಿಲ್ಲ. ಎರಡನೆಯ ಕಾರಣ ಜನರದೇ. ವ್ಯಾಪಾರ ಕೆಳಗೇ ಉಳಿಯಿತು. ಮದುವೆ ಜವಳಿ ಅಂದರೆ, ಬಂಗಾರ ಅಂದರೆ ನವನಗರದವರೂ ಕೆಳಗೇ ಇಳಿದು ಬರುತ್ತಾರೆ. ಅಂಗಡಿಯವರಿಗೆ ಮೇಲೆ ಸೈಟು ಇದ್ದರೂ ಗಿರಾಕಿ ಕೆಳಗೆ. ಬೆಳಗ್ಗೆ ಇಳಿದು ಬಂದು ರಾತ್ರಿ ಹತ್ತಿ ಹೋಗುತ್ತಾರೆ.

ಮೂರನೆಯದು ಹೋಳಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಬಾಗಲಕೋಟೆ ಹೋಳಿಗೆ ಹೆಸರುವಾಸಿ. ಕೊಲ್ಕತ್ತಾ ಬಿಟ್ಟರೆ ನಮ್ಮದೇ ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಹಬ್ಬಕ್ಕೆ ಎಷ್ಟೋ ದಿನ ಮುಂಚೆಯೇ ರಾತ್ರಿ ಹಲಗಿ ಸದ್ದು ಶುರು. ಸಣ್ಣ ಹುಡುಗರಿಂದ ಮುದುಕರವರೆಗೆ ಹಲಗಿ ಬಾರಿಸುತ್ತಾರೆ. ಕಾಮದಹನ ಆದ ಮೇಲೆ ಬಣ್ಣ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಊರಿನ ಹಳೇ ಭಾಗಗಳು ಐದು: ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ. ಸರದಿಯ ಪ್ರಕಾರ ಒಂದೊಂದು ಭಾಗದವರು ಬಂಡಿಯಲ್ಲಿ ಬಣ್ಣದ ಬ್ಯಾರಲ್ ಹೇರಿಕೊಂಡು ಹೊರಡುತ್ತಾರೆ. ಎತ್ತಿನ ಬಂಡಿ ಹೋಗಿ ಈಗ ಟ್ರ್ಯಾಕ್ಟರ್ ಬಂದಿದೆ. ಓಣಿ ಓಣಿಗೆ ನುಗ್ಗಿ ಬಣ್ಣ ಎರಚುತ್ತಾರೆ. ಎದುರಿನವರು ಮಾಳಿಗೆ ಮೇಲಿಂದ ಉತ್ತರ ಕೊಡುತ್ತಾರೆ.

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಈ ಹಬ್ಬ ಊರಿನ ನಕ್ಷೆಯ ಮೇಲೆಯೇ ನಿಂತಿದೆ. ಯಾವ ಪೇಟೆಯವರು ಯಾವ ದಿನ, ಯಾವ ದಾರಿ, ಯಾವ ಚೌಕದಲ್ಲಿ ಎದುರಾಗಬೇಕು ಎಂಬುದು ಗಲ್ಲಿಗಳ ಲೆಕ್ಕ. ಇದನ್ನು ಎತ್ತಿ ಸೆಕ್ಟರಿಗೆ ಹಾಕಲು ಬರುವುದಿಲ್ಲ. ನವನಗರ, ವಿದ್ಯಾಗಿರಿಯಲ್ಲೂ ಬಣ್ಣ ಆಡುತ್ತಾರೆ, ನಿಜ. ಆದರೆ ಮೇಲೆ ಹೋದ ಕಿಲ್ಲಾದವರು ಹಬ್ಬ ಬಂದರೆ ಮತ್ತೆ ಕಿಲ್ಲಾದವರೇ. ಮನೆ ಬಿಟ್ಟು ವರ್ಷಗಳಾದವರೂ ತಮ್ಮ ಪೇಟೆಯ ಬಂಡಿಯನ್ನೇ ಹತ್ತುತ್ತಾರೆ. ಹುಬ್ಬಳ್ಳಿ, ಬೆಂಗಳೂರು, ಪುಣೆಗೆ ಹೋದವರು ರಜೆ ಹಾಕಿ ಬರುತ್ತಾರೆ. ಮಕ್ಕಳಿಗೆ ‘ನಮ್ಮ ಪೇಟೆ’ ಯಾವುದು ಎಂಬುದು ಗೊತ್ತಾಗುವುದೂ ಆ ಬಂಡಿಯ ಮೇಲೆಯೇ.

ಚೌಕಟ್ಟನ್ನು ಹೊತ್ತುಕೊಂಡು ಹೋದವರಿಗೆ ಚೌಕಟ್ಟು ಸಿಕ್ಕಿತು. ಹಬ್ಬವನ್ನು ಹೊತ್ತುಕೊಂಡು ಹೋಗಲು ಆಗದವರಿಗೆ ಊರು ಸಿಕ್ಕಿತು, ಯಾಕೆಂದರೆ ಅವರು ಪ್ರತಿ ವರ್ಷ ವಾಪಸು ಬರಲೇಬೇಕಾಯಿತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಸಾಗಿಸಲು ಬರುವ ವಸ್ತುಗಳ ಪಟ್ಟಿ ಮಾಡುವವರು, ಸಾಗಿಸಲು ಬಾರದೆ ಇರುವುದಕ್ಕೆ ಜನ ಎಷ್ಟು ಅಂಟಿಕೊಂಡಿರುತ್ತಾರೆ ಎಂದು ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ಊರು, ಬೇರೆ ರೀತಿ

ಸ್ವೀಡನ್ನಿನ ಉತ್ತರದ ತುದಿಯಲ್ಲಿ ಕಿರುನಾ ಎಂಬ ಊರಿದೆ. ಕಬ್ಬಿಣದ ಅದಿರಿಗಾಗಿಯೇ 1900ರಲ್ಲಿ ಹುಟ್ಟಿದ ಊರು. ಅದಿರು ಊರಿನ ಅಡಿಗೇ ಓರೆಯಾಗಿ ಇಳಿಯುತ್ತದೆ. ತೆಗೆದಷ್ಟೂ ಮೇಲಿನ ನೆಲ ಕುಸಿಯುತ್ತದೆ. 2004ರಲ್ಲಿ ಊರನ್ನೇ ಸಾಗಿಸುವ ಘೋಷಣೆಯಾಯಿತು. ಮೂರು ಕಿಲೋಮೀಟರ್ ಪೂರ್ವಕ್ಕೆ ಹೊಸ ಪೇಟೆ ಕಟ್ಟಿದರು, 2022ರಲ್ಲಿ ತೆರೆದರು. ಹಳೇ ಪುರಭವನದ ಗಡಿಯಾರದ ಗೋಪುರವನ್ನು ತಂದು ಹೊಸದರ ಪಕ್ಕ ನಿಲ್ಲಿಸಿದರು. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಬಿಚ್ಚದೆ, ಇಡಿಯಾಗಿ, ಚಕ್ರದ ವಾಹನದ ಮೇಲೆ ಐದು ಕಿಲೋಮೀಟರ್ ಸಾಗಿಸಿದರು. 672 ಟನ್ ತೂಕ, ಎರಡು ದಿನದ ಪ್ರಯಾಣ. ಊರಿನ ಜನ ರಸ್ತೆ ಬದಿ ನಿಂತು ನೋಡಿದರು.

ಅಲ್ಲಿ ದುಡ್ಡಿತ್ತು, ಗಣಿ ಕಂಪನಿಯೇ ಖರ್ಚು ಹೊತ್ತಿತು, ಜನ ಕಡಿಮೆ. ನಮಗೂ ಅವರಿಗೂ ಹೋಲಿಕೆ ಸುಲಭವಲ್ಲ. ಒಂದು ವಿಷಯ ಮಾತ್ರ ಕಲಿಯಬಹುದು. ಊರಿಗೆ ಗುರುತಾದ ವಸ್ತು ಯಾವುದು ಎಂದು ಅವರು ಮೊದಲೇ ಚರ್ಚೆ ಮಾಡಿ, ಅದನ್ನು ಎಲ್ಲರ ಕಣ್ಣೆದುರು ಸಾಗಿಸಿದರು. ಬಾಗಲಕೋಟೆಯಲ್ಲಿ ಅಂಥ ಸಾಗಾಟ ಮನೆಮನೆಯ ಖಾಸಗಿ ಕೆಲಸವಾಯಿತು. ಒಂದು ಚೌಕಟ್ಟು, ಒಂದು ದೇವರ ಜಗಲಿ, ಒಂದು ಒಳಕಲ್ಲು. ಊರಿಗೆ ಊರೇ ಕೂಡಿ ಹೊರಟ ದಿನ ಅಂತ ಒಂದು ಇರಲೇ ಇಲ್ಲ.

ಮುಂದಿನ ಹಂತ

524.256 ಮೀಟರ್‌ವರೆಗೆ ನೀರು ನಿಲ್ಲಿಸಿದರೆ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗುತ್ತದೆ. 20 ಹಳ್ಳಿಗಳ ಜೊತೆಗೆ ಬಾಗಲಕೋಟೆ ಪಟ್ಟಣದ ಇನ್ನಷ್ಟು ವಾರ್ಡುಗಳೂ ಪಟ್ಟಿಯಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ. ವರ್ಷಗಳ ಹೋರಾಟದ ಮೇಲೆ ಬಂದ ತೀರ್ಮಾನ. ಅದು ಬೇಗ ಕೈಸೇರಲಿ.

ಆದರೆ ಪೇಟೆಯ ವಾರ್ಡುಗಳ ವಿಷಯಕ್ಕೆ ಬಂದಾಗ ದರದ ಜೊತೆಗೆ ಇನ್ನೂ ಮೂರು ಮಾತು ಕೇಳಬೇಕು ಅಂತ ನನಗೆ ಅನಿಸುತ್ತದೆ. ಮೊದಲನೆಯದು, ಸೈಟು ಹಂಚುವಾಗ ಬೇಕೆಂದವರಿಗೆ ಓಣಿಯವರು ಕೂಡಿಯೇ ಅರ್ಜಿ ಹಾಕುವ ಅವಕಾಶ. ದೊಡ್ಡ ಸೈಟು, ಸಣ್ಣ ಸೈಟು ಒಂದೇ ರಸ್ತೆಯಲ್ಲಿ ಬೆರೆಸಿ ಇಟ್ಟರೆ ಇದು ಆಗದ ಕೆಲಸವಲ್ಲ. ಎರಡನೆಯದು, ಖಚಿತ ದಿನಾಂಕ. ಇಂಥ ವರ್ಷ ಬಿಡಬೇಕು, ಅಲ್ಲಿಯವರೆಗೆ ರಸ್ತೆ, ಗಟಾರ, ನೀರು ಎಲ್ಲ ಎಂದಿನಂತೆ ದುರಸ್ತಿಯಾಗುತ್ತದೆ ಎಂಬ ಭರವಸೆ. ದಿನಾಂಕ ಇಲ್ಲದ ನೋಟಿಸು ಮಾಳಿಗೆಗೆ ಏನು ಮಾಡಿತು ಅಂತ ಈ ಊರು ಒಂದು ಸಲ ನೋಡಿಯಾಗಿದೆ.

ಮೂರನೆಯದು ಹೋಳಿಯ ದಾರಿ. ಐದು ಪೇಟೆಗಳ ಬಂಡಿ ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತದೆ, ಯಾವ ಗಲ್ಲಿ ಮುಳುಗಿದರೆ ಯಾವ ಸರದಿ ಕಡಿಯುತ್ತದೆ ಎಂಬುದನ್ನು ಹಲಗಿ ಬಾರಿಸುವ ಹಿರಿಯರನ್ನು ಕೂರಿಸಿಕೊಂಡು ಈಗಲೇ ಗುರುತಿಸಬೇಕು. ಪ್ರತಿ ಪೇಟೆಯಲ್ಲೂ ಇದನ್ನು ಬಾಯಿಪಾಠವಾಗಿ ಬಲ್ಲವರು ಇನ್ನೂ ಇದ್ದಾರೆ. ಹೊಸ ಲೇಔಟಿನ ನಕ್ಷೆ ಬರೆಯುವ ಎಂಜಿನಿಯರುಗಳು ಒಂದು ಹೋಳಿಗೆ ಇವರ ಜೊತೆ ಬಂಡಿ ಹತ್ತಿ ಐದೂ ಪೇಟೆ ಸುತ್ತಿ, ಆಮೇಲೆ ರಸ್ತೆಯ ಗೆರೆ ಎಳೆಯಲಿ.